ಸಾಹುಕಾರರು ಕುಣಿದ ಹಾಡು

ರ‍್ಯಾಪ್ ಸತ್ತಿದೆಯೋ ಬದುಕಿದೆಯೋ ಎಂದು ಯಾರಾದರೂ ಕೇಳಿದರೆ ಈಗಲೂ ನನಗೆ ಮೈ ಉರಿಯುತ್ತದೆ. ಹನ್ನೊಂದು ವರ್ಷದಿಂದ ಲಿಂಗಸುಗೂರು, ಮಸ್ಕಿ, ಸಿಂಧನೂರು ನಡುವೆ ಬಸ್ಸಿನಲ್ಲಿ ಕಂಡಕ್ಟರಾಗಿ ಓಡಾಡುತ್ತಿದ್ದೇನೆ. ಯಾವ ಹಾಡು ಓಡುತ್ತಿದೆ, ಯಾವುದು ಮೂಲೆಗೆ ಬಿತ್ತು ಎಂಬುದು ನನಗೆ ಗೊತ್ತಿರುವಷ್ಟು ಯಾವ ಪಂಡಿತನಿಗೂ ಗೊತ್ತಿಲ್ಲ. ಐವತ್ತು ಸೀಟಿಗೆ ಎಂಬತ್ತು ಜನ, ಎಂಬತ್ತು ಜನಕ್ಕೆ ಅರವತ್ತು ಮೊಬೈಲು. ಇಯರ್‌ಫೋನ್ ಹಾಕಿಕೊಳ್ಳಿರಿ ಅಂದರೆ ಅವರ ಹೊಲ ಬರೆದುಕೊಡಿ ಅಂದವಳನ್ನು ನೋಡಿದಂತೆ ನನ್ನನ್ನು ನೋಡುತ್ತಾರೆ. ಭಾರತಿ ಮೇಡಂ ಬಾಯಿ ಜೋರು ಎಂದು ಈ ರೂಟಿನಲ್ಲೆಲ್ಲ ಹೆಸರಾಗಿದೆ. ಆಗಲಿ. ಬಾಯಿ ಜೋರಿಲ್ಲದವಳು ಮಸ್ಕಿ ಸಂತೆಯ ದಿನ ಟಿಕೆಟ್ ಹರಿದು ತೋರಿಸಲಿ, ಆಮೇಲೆ ಮಾತಾಡೋಣ.

ಆ ಪ್ರಶ್ನೆ ಎದ್ದದ್ದೂ ನನ್ನ ಬಸ್ಸಿನಲ್ಲೇ. ಎಬ್ಬಿಸಿದವರು ವಿರೇಶ ಸರ್. ಲಿಂಗಸುಗೂರಿನ ಒಂದು ಕಾಲೇಜಿನಲ್ಲಿ ಪಾಠ ಹೇಳುತ್ತಾರೆ, ದಿನಾ ಮಸ್ಕಿಯಲ್ಲಿ ಹತ್ತುತ್ತಾರೆ. ಡ್ರೈವರ್ ಹಿಂದಿನ ಸೀಟು ಸಿಗದಿದ್ದರೆ ಸಂತೆಕಲ್ಲೂರು ದಾಟುವವರೆಗೂ ಮುಖ ಗಂಟು ಹಾಕಿಕೊಂಡಿರುತ್ತಾರೆ. ಅವತ್ತು ಸೀಟು ಸಿಕ್ಕಿತ್ತು, ಆದರೆ ಹಿಂದೆ ಯಾರೋ ಮೊಬೈಲಿನಲ್ಲಿ ಒಂದು ರ‍್ಯಾಪ್ ಹಾಕಿದ್ದರು.

“ಮೇಡಂ, ಅದನ್ನ ಬಂದ್ ಮಾಡಸ್ರಿ. ಏನದು ಬಡಬಡ ಬಡಬಡ. ನಾಳಿಗೆ ನಮ್ಮ ಕಾಲೇಜಿನಾಗ ಇದರ ಮ್ಯಾಲನ ಚರ್ಚಾ ಸ್ಪರ್ಧೆ ಇಟ್ಟೀವಿ. ಜನಪ್ರಿಯ ಸಂಸ್ಕೃತಿಯಲ್ಲಿ ರ‍್ಯಾಪ್ ಅಳಿವಿನತ್ತಲೋ ಉಳಿವಿನತ್ತಲೋ ಅಂತ. ನಾನ ತೀರ್ಪುಗಾರ.”

“ಹೌದೇನ್ರಿ? ಏನ್ ತೀರ್ಪ ಕೊಡಾವ್ರ ಇದೀರಿ?”

“ಅಳಿವು. ಇನ್ನೇನೈತ್ರಿ ಅದರಾಗ. ನಾಕ್ ದಿನದ ಹುಚ್ಚು. ಬಂತು, ಕುಣೀತು, ಖಲಾಸ್.”

“ಸ್ಪರ್ಧೆ ನಾಳಿಗೆ, ತೀರ್ಪ ಇವತ್ತ ಆತಲ್ರಿ ಸರ್. ಭಾಳ ಜಲ್ದಿ ಕೆಲಸ ನಿಮ್ದು.”

ಹಿಂದಿನ ಸೀಟಿನ ಹೆಣ್ಣುಮಕ್ಕಳು ಕಿಸಕ್ಕನೆ ನಕ್ಕರು. ಡ್ರೈವರ್ ದಾವಲ್‌ಸಾಬ್ ಅಣ್ಣ ಕನ್ನಡಿಯಲ್ಲಿ ನನ್ನನ್ನು ನೋಡಿ ಸಾಕು ಬಿಡು ಎಂದು ಹುಬ್ಬು ಏರಿಸಿದರು. ನಾನು ಬಿಟ್ಟೆ. ಬಿಡಲು ಕಾರಣವೂ ಇತ್ತು, ಆ ಸ್ಪರ್ಧೆಗೆ ಮರುದಿನ ನನ್ನ ಅಕ್ಕನ ಮಗಳು ಹೊರಟಿದ್ದಳು.

ಅವಳ ಹೆಸರು ಯಶೋಧರಾ. ಸಿಂಧನೂರಿನಲ್ಲಿ ಬಿ.ಎ. ಓದುತ್ತಾಳೆ, ಮನೆ ಜವಳಗೇರಾದಲ್ಲಿ. ನನ್ನ ಭಾವ ಬಸ್ಸಪ್ಪ ಮಗಳು ಹುಟ್ಟಿದ ವರ್ಷ ಬೌದ್ಧ ದೀಕ್ಷೆ ತೆಗೆದುಕೊಂಡು, ತಾನು ಬಸ್ಸಪ್ಪನಾಗಿಯೇ ಉಳಿದು ಮಗಳಿಗೆ ಮಾತ್ರ ಹೊಸ ಹೆಸರಿಟ್ಟ. ಊರಾಚೆಯ ಅಕ್ಕಿ ಮಿಲ್ಲಿನಲ್ಲಿ ಅವನು ಹಮಾಲಿ. ಲಾರಿಗೆ ಚೀಲ ಏರಿಸುವಾಗ ಎಣಿಸುವ ಕೆಲಸವೂ ಅವನದೇ ಆಗಿತ್ತು. ನಮ್ಮ ಕಡೆ ಧಾನ್ಯ ಅಳೆಯುವಾಗಲಿ ಚೀಲ ಎಣಿಸುವಾಗಲಿ ಒಂದು ಎಂದು ಶುರು ಮಾಡುವುದಿಲ್ಲ. ಒಂದರ ಬದಲು ಲಾಭ ಎನ್ನುತ್ತಾರೆ, ಆಮೇಲೆ ಎರಡು, ಮೂರು. ಭಾವ ಅದನ್ನು ರಾಗವಾಗಿ ಕೂಗುತ್ತಿದ್ದ, ಹಮಾಲಿಗಳ ಹೆಜ್ಜೆ ಆ ಕೂಗಿಗೆ ಸರಿಯಾಗಿ ಬೀಳುತ್ತಿತ್ತು. ಮಧ್ಯಾಹ್ನ ಅವನಿಗೆ ರೊಟ್ಟಿ ಒಯ್ಯುತ್ತಿದ್ದ ಯಶೋಧರಾ ಅಕ್ಷರ ಕಲಿಯುವ ಮೊದಲು ಆ ಎಣಿಕೆ ಕಲಿತಳು. ನಾಲ್ಕು ವರ್ಷದ ಹಿಂದೆ ಜ್ವರ ಬಂದು ಭಾವ ತೀರಿಕೊಂಡ. ಅದೇ ಮಿಲ್ಲಿನಲ್ಲಿ ಅಕ್ಕ ಯಮನಮ್ಮ ಕಸ ಗುಡಿಸುವ ಕೆಲಸಕ್ಕೆ ಸೇರಿದಳು.

ಮಿಲ್ಲಿನ ಮಾಲಕರು ದೊಡ್ಡಬಸಪ್ಪ ಸಾಹುಕಾರರು. ಕೆಟ್ಟ ಮನುಷ್ಯರು ಎಂದರೆ ಊರು ಒಪ್ಪುವುದಿಲ್ಲ. ಭಾವ ಸತ್ತಾಗ ಮಣ್ಣಿಗೆ ಬಂದು ನಿಂತಿದ್ದರು. ಆದರೆ ಅವರ ಬಾಯ್ಲರಿನಲ್ಲಿ ಭತ್ತದ ಹೊಟ್ಟು ಉರಿಯುತ್ತದೆ, ಆ ಹೊಟ್ಟಿನ ಕರಿ ಬೂದಿ ಕೊಳವೆಯಿಂದ ಎದ್ದು, ಪಡುವಣ ಗಾಳಿ ಬೀಸಿದರೆ ಸೀದಾ ನಮ್ಮ ಅಕ್ಕನ ಓಣಿಯ ಮೇಲೆ ಇಳಿಯುತ್ತದೆ. ಹಪ್ಪಳ ಒಣಹಾಕುವಂತಿಲ್ಲ, ಅರಿವೆ ಒಣಹಾಕುವಂತಿಲ್ಲ. ಅಕ್ಕನಿಗೆ ಎರಡು ವರ್ಷದಿಂದ ಕೆಮ್ಮು. ಡಾಕ್ಟರು ಎದೆಯ ಫೋಟೋ ತೆಗೆಸಿ, ಬೂದಿಯಿಂದ ದೂರ ಇರಬೇಕಮ್ಮ ಎಂದರು. ದೂರ ಎಂದರೆ ಎಲ್ಲಿಗೆ ಹೋಗಬೇಕು? ಮನೆಯ ಮೇಲೂ ಅದೇ ಬೂದಿ, ಕೆಲಸದಲ್ಲೂ ಅದೇ ಬೂದಿ. ಇಷ್ಟು ಸಾಲದೆಂಬಂತೆ ಪಂಚಾಯಿತಿ ಗೋಡೆಗೆ ಒಂದು ನೋಟೀಸು ಬಿತ್ತು. ಮಿಲ್ಲಿಗೆ ಎರಡನೆಯ ಬಾಯ್ಲರ್ ಕೂಡಿಸುತ್ತಾರೆ, ಮುಂದಿನ ತಿಂಗಳು ಸಿಂಧನೂರಿನಲ್ಲಿ ಸಾರ್ವಜನಿಕರ ಅಹವಾಲು ಕೇಳುತ್ತಾರೆ, ಆಕ್ಷೇಪ ಇದ್ದವರು ಬಂದು ಹೇಳಬಹುದು ಎಂದು ಅದರಲ್ಲಿತ್ತು. ಎರಡನೆಯ ಬಾಯ್ಲರ್ ಬಂದರೆ ಅಕ್ಕ ಎಷ್ಟು ದಿನ ಉಸಿರಾಡುತ್ತಾಳೆ ಎಂಬುದೇ ನನಗೂ ಯಶೋಧರಾಳಿಗೂ ಇದ್ದ ಒಂದೇ ಚಿಂತೆ.

ಅದಕ್ಕೇ ಅವಳು ಹಾಡು ಕಟ್ಟಿದಳು. ಚರ್ಚಾ ಸ್ಪರ್ಧೆಯಲ್ಲಿ ರ‍್ಯಾಪ್ ಬದುಕಿದೆಯೋ ಇಲ್ಲವೋ ಎಂದು ಕೇಳಿದರೆ, ಬದುಕಿದೆ, ಇಲ್ಲಿ ನೋಡಿ ಎಂದು ಅದನ್ನೇ ಹೇಳಿ ತೋರಿಸಿದಳಂತೆ. ಮೈಕಿನ ಮುಂದೆ ನಿಂತು, ತೊಡೆ ಮೇಲೆ ಕೈ ಬಡಿದುಕೊಂಡು.

ಲಾಭ, ಎರಡ, ಮೂರ, ನಾಕ,
ಚೀಲ ಅಲ್ಲೋ ಅಣ್ಣಾ, ನಮ್ಮವ್ವನ ಕೆಮ್ಮಿನ ಲೆಕ್ಕ.
ಅಕ್ಕಿ ಹೊಂಟೈತಿ ಊರೂರಿಗೆ, ಲಾರಿ ತುಂಬೈತಿ ಪಕ್ಕಾ,
ಬೂದಿ ಒಂದ ಉಳದೈತಿ ನಮ್ಮ ಓಣಿ ಪಾಲಿಗಕ್ಕಾ.

ಮಾಳಗಿ ಮ್ಯಾಲ ಹಪ್ಪಳ ಕರ‍್ರಗ,
ಹಗ್ಗದ ಮ್ಯಾಲ ಸೀರಿ ಕರ‍್ರಗ,
ಹಾಲ ಕುಡಿಯೋ ಕೂಸಿನ ಮೂಗ ಒರಸಿ ನೋಡ,
ಅದರ ಒಳಗೂ ಕರ‍್ರಗ.

ಸ್ಪರ್ಧೆಯ ಮರುದಿನ ಬಸ್ಸಿನಲ್ಲಿ ವಿರೇಶ ಸರ್ ಬಹಳ ಕನಿಕರದಿಂದ ನನಗೆ ವರದಿ ಕೊಟ್ಟರು.

“ನಿಮ್ಮ ಹುಡುಗಿ ಧ್ವನಿ ಚಲೋ ಐತ್ರಿ ಮೇಡಂ. ಆದ್ರ ವಿಷಯಾಂತರ ಮಾಡಿದ್ಲು. ರ‍್ಯಾಪ್ ಬಗ್ಗೆ ಮಾತಾಡವಾ ಅಂದ್ರ ಮಿಲ್ಲು, ಬೂದಿ, ಅವ್ವನ ಕೆಮ್ಮು ಅಂತ ಹೊಂಟ್ಲು. ಹಂಗಾಗಿ ನಂಬರ್ ಕೊಡಾಕ ಬರಲಿಲ್ಲ.”

ನನಗೆ ಎಷ್ಟು ಸಿಟ್ಟು ಬಂತೆಂದರೆ ಟಿಕೆಟ್ ಮಷಿನ್ನಿನಲ್ಲಿ ತಪ್ಪು ಊರು ಒತ್ತಿದೆ. ಈ ಮನುಷ್ಯ ವರ್ಷಗಟ್ಟಲೆ ಮಕ್ಕಳಿಗೆ ಸಾಹಿತ್ಯ ಎಂದರೆ ಜೀವನ, ಜೀವನ ಎಂದರೆ ಸಾಹಿತ್ಯ ಎಂದು ಭಾಷಣ ಬಿಗಿದವರು. ಒಬ್ಬ ಹುಡುಗಿ ಜೀವನ ತಂದು ಎದುರಿಗಿಟ್ಟರೆ ಅದು ವಿಷಯಾಂತರ.

“ತಗೊಳ್ರಿ ಸರ್ ಟಿಕೆಟ್. ವಿಷಯಾಂತರ ಮಾಡದ ಸೀದಾ ಲಿಂಗಸುಗೂರಿಗೆ ಮುಟ್ಟಸ್ತೀವಿ,” ಎಂದೆ. ಅವತ್ತಿನಿಂದ ಅವರು ನನ್ನ ಬಸ್ಸು ಬಿಟ್ಟು ಮುಂದಿನ ಬಸ್ಸಿಗೆ ಹೋಗತೊಡಗಿದರು.

ಯಶೋಧರಾ ನನ್ನಂತೆ ಕೂಗಾಡುವವಳಲ್ಲ. ಮೂರನೆಯ ದಿನ ಫೋನ್ ಮಾಡಿದಳು. “ಚಿಗವ್ವ, ಇದನ್ನ ರೆಕಾರ್ಡ್ ಮಾಡಸ್ಬೇಕು. ಅಹವಾಲ್ ಸಭೆ ಬರೂದ್ರಾಗ ಎಲ್ಲಾರ ಕಿವಿಗೂ ಬೀಳ್ಬೇಕು.” ನನ್ನ ವಾರದ ರಜೆಯ ದಿನ ಮಸ್ಕಿಗೆ ಹೋದೆವು. ಅಲ್ಲಿ ಶರಣಬಸವ ಎಂಬವನದು ಡಿಜೆ ಬಾಡಿಗೆಗೆ ಕೊಡುವ ಅಂಗಡಿ, ಹಿಂದೆ ಗೋಡೆಗೆಲ್ಲ ಮೊಟ್ಟೆಯ ಟ್ರೇ ಬಡಿದ ಒಂದು ರೆಕಾರ್ಡಿಂಗ್ ಕೋಣೆ. ಚುನಾವಣೆಯ ಹಾಡು, ಸೀರೆ ಅಂಗಡಿಯ ಆಟೋ ಪ್ರಚಾರ, ಎಲ್ಲ ಅಲ್ಲೇ ಆಗುತ್ತವೆ. ಯಶೋಧರಾ ಒಂದೇ ಸಲಕ್ಕೆ ಹೇಳಿ ಮುಗಿಸಿದಳು. ಶರಣಬಸವ ಕಿವಿಯ ಹೆಡ್‌ಫೋನ್ ತೆಗೆದು, “ಅಕ್ಕಾ, ಇದು ಓಡ್ತೈತಿ,” ಎಂದ.

ಓಡಿತು. ಹದಿನೈದು ದಿನದೊಳಗೆ ನನ್ನ ಬಸ್ಸಿನಲ್ಲೇ ಕೇಳಿಸಿತು. ಮೊದಲು ಹಿಂದಿನ ಸೀಟು, ಆಮೇಲೆ ನಡುವಿನ ಸೀಟು, ಆಮೇಲೆ ಡ್ರೈವರ್ ಪಕ್ಕದ ಬಾನೆಟ್ಟಿನ ಮೇಲೆ ಕುಳಿತವರದೂ. ಲಾಭ, ಎರಡ, ಮೂರ, ನಾಕ. ಇದು ನನ್ನ ಅಕ್ಕನ ಮಗಳ ಹಾಡು ಎಂದು ನಾನು ಟಿಕೆಟ್ ಕೊಡುತ್ತ ಕೊಡುತ್ತ ಹೇಳಿಕೊಂಡು ತಿರುಗಿದೆ. ಒಬ್ಬಳಂತೂ, “ಹೌದೇನ್ ಮೇಡಂ? ಭಾಳ ಮಸ್ತ್ ಐತಿ, ಕುಣಿಬೇಕ ಅನಿಸ್ತೈತಿ,” ಎಂದಳು. ಕುಣಿಯಬೇಕು ಅನ್ನಿಸುವಂಥದ್ದು ಅದರಲ್ಲಿ ಏನಿದೆ ಎಂದು ಆಗಲೇ ನಾನು ಕೇಳಬೇಕಿತ್ತು. ಹೆಮ್ಮೆಯ ಮಬ್ಬಿನಲ್ಲಿ ಕೇಳಲಿಲ್ಲ.

ಅಕ್ಕ ಮಾತ್ರ ಹೆದರಿಹೋಗಿದ್ದಳು. ಒಂದು ಭಾನುವಾರ ಜವಳಗೇರಾಕ್ಕೆ ಹೋದಾಗ ಒಲೆಯ ಮುಂದೆ ಕುಳಿತು ರೊಟ್ಟಿ ಬಡಿಯುತ್ತ ಮಗಳನ್ನು ಬೈಯುತ್ತಿದ್ದಳು.

“ಉಂಡ ಮನಿ ಜಂತಿ ಎಣಸಬಾರದು. ನಿಮ್ಮಪ್ಪ ಇದ್ದಾಗಿಂದ ಆ ಮಿಲ್ಲಿನ ಅನ್ನ ಉಂಡೀವಿ.”

“ನಾ ಜಂತಿ ಎಣಸಿಲ್ಲ ಯವ್ವಾ, ನಿನ್ನ ಕೆಮ್ಮ ಎಣಸೀನಿ.”

“ನನ್ನ ಕೆಮ್ಮ ನನ್ನ ಎದಿಯಾಗ ಇರ್ಲಿ. ಊರ ಮುಂದ ಯಾಕ?”

“ನಿನ್ನ ಎದಿಯಾಗ ಇಟ್ಕೊಂಡ ಕುಂತದ್ದಕ್ಕ ಇಲ್ಲಿಗಂಟ ಬಂದೈತಿ.”

ಅಕ್ಕ ನನ್ನ ಕಡೆ ತಿರುಗಿ, “ನೀನರ ಬುದ್ಧಿ ಹೇಳ ಭಾರತಿ. ಕೆಲಸ ಹೋದ್ರ ಇಕಿ ಓದು ಹೆಂಗ?” ಎಂದಳು. ನಾನು ಬುದ್ಧಿ ಹೇಳುವ ಗೋಜಿಗೆ ಹೋಗಲಿಲ್ಲ. ಅಹವಾಲು ಸಭೆಗೆ ನೀನೂ ಬಂದು ಎದ್ದು ನಿಂತು ಹೇಳು ಎಂದೆ. ಅವಳು ರೊಟ್ಟಿ ತಿರುವಿ ಹಾಕಿದಳು.

ಅಹವಾಲಿಗೆ ಹತ್ತು ದಿನ ಮುಂಚೆ ಸಾಹುಕಾರರ ಮಗನ ಮದುವೆ ಬಂತು. ಅವತ್ತು ಬೆಳಿಗ್ಗೆ ಹತ್ತೂವರೆಗೆ ನನ್ನ ಬಸ್ಸು ಸಿಂಧನೂರಿನೊಳಗೆ ಕಾಲಿಡುತ್ತಲೇ ನಿಂತಿತು. ಎದುರಿಗೆ ಮೆರವಣಿಗೆ. ಮದುಮಗ ಹನುಮಪ್ಪನ ಗುಡಿಗೆ ಹೋಗಿ ಮಂಟಪಕ್ಕೆ ಮರಳುತ್ತಿದ್ದ. ದಾವಲ್‌ಸಾಬ್ ಅಣ್ಣ ಹಾರ್ನ್ ಹೊಡೆದು ಹೊಡೆದು ಕೈಬಿಟ್ಟರು. “ಇಳದು ಹೇಳಿ ಬಾ ತಂಗಿ, ಆಸ್ಪತ್ರಿಗೆ ಹೋಗೋ ಮಂದಿ ಅದಾರ,” ಎಂದರು. ಇಳಿದೆ. ಇಳಿದ ಮೇಲೆ ಕೇಳಿಸಿತು. ಲಾರಿಯ ಮೇಲೆ ಮನೆಯೆತ್ತರ ಜೋಡಿಸಿದ ಡಿಜೆ ಬಾಕ್ಸುಗಳಿಂದ ನಮ್ಮ ಯಶೋಧರಾಳ ದನಿ.

ಲಾಭ, ಎರಡ, ಮೂರ, ನಾಕ. ಢಂ. ಲಾಭ, ಎರಡ, ಮೂರ, ನಾಕ. ಢಂ.

ಅಷ್ಟೇ. ಅದರ ಮುಂದಿನದು ಇಲ್ಲ. ಚೀಲ ಅಲ್ಲೋ ಅಣ್ಣಾ ಎನ್ನುವಷ್ಟರಲ್ಲಿ ಕತ್ತರಿ ಬಿದ್ದು ಮತ್ತೆ ಲಾಭಕ್ಕೆ ಬಂದು ನಿಲ್ಲುತ್ತಿತ್ತು. ದೊಡ್ಡಬಸಪ್ಪ ಸಾಹುಕಾರರು ಶಲ್ಯವನ್ನು ಸೊಂಟಕ್ಕೆ ಸುತ್ತಿಕೊಂಡು, ಅರವತ್ತರ ವಯಸ್ಸಿನಲ್ಲಿ, ಎರಡೂ ಕೈ ಮೇಲೆತ್ತಿ ಕುಣಿಯುತ್ತಿದ್ದರು. ನಾಕ ಎಂದಾಗಲೆಲ್ಲ ನಾಲ್ಕು ಬೆರಳು ಆಕಾಶಕ್ಕೆ. ಸುತ್ತ ನೆಂಟರಿಷ್ಟರು, ವ್ಯಾಪಾರಸ್ಥರು, ಎಲ್ಲರೂ ಬೆರಳು ಎತ್ತಿದ್ದರು. ನನ್ನ ಅಕ್ಕನ ಕೆಮ್ಮಿಗೆ ಇವರು ಬೆರಳು ಎಣಿಸಿ ಕುಣಿಯುತ್ತಿದ್ದಾರಲ್ಲ.

ಲಾರಿಯ ಹಿಂದೆ ಹೋಗಿ ಶರಣಬಸವನ ಅಂಗಿ ಹಿಡಿದು ಜಗ್ಗಿದೆ.

“ಉಳದ ಹಾಡ ಎಲ್ಲೋ?”

“ಏ ಅಕ್ಕಾ, ನೀನೇನ ಇಲ್ಲಿ?”

“ಉಳದ ಹಾಡ ಎಲ್ಲಿ ಅಂತ ಕೇಳಾಕತ್ತೀನಿ.”

“ಕೆಮ್ಮು, ಬೂದಿ ಅಂತ ಮದುವ್ಯಾಗ ಹಾಕಾಕ ಬರ್ತೈತೇನ ಅಕ್ಕಾ? ಸಾವ್ಕಾರ ಲಾಭ ಅಂತ ಶುರು ಆಗೂದ ಕೇಳಿ ಭಾಳ ಖುಷಿ ಆದ್ರು. ವ್ಯಾಪಾರದ ಮನಿಗೆ ಶುಭ ಐತಿ, ಇದನ್ನ ಹಚ್ಚು ಅಂದ್ರು. ಈ ಸೀಸನ್ನಿನಾಗ ಎಲ್ಲಾ ಮದುವ್ಯಾಗೂ ಇದ ನಡದೈತಿ. ನಿಮ್ಮ ಹುಡುಗಿ ಹಾಡ ಇಷ್ಟ ಓಡಾಕತ್ತೈತಿ, ನಿನಗ ಖುಷಿ ಇಲ್ಲೇನ?”

ಖುಷಿಯಂತೆ. ಕೋಳಿಯ ಕತ್ತು ತಿರುವಿ ಪುಕ್ಕ ಕೈಗೆ ಕೊಟ್ಟು ಎಷ್ಟು ಚೆಂದ ಇದೆ ನೋಡು ಅಂದಂತಾಯಿತು. ವಿರೇಶ ಸರ್ ಸತ್ತಿದೆ ಅಂದರು, ಇವನು ಬದುಕಿದೆ ಅನ್ನುತ್ತಿದ್ದಾನೆ, ಇಬ್ಬರಿಗೂ ಅದರ ಮಾತು ಬೇಡ. ಬಾಯಿಗೆ ಬಂದಂತೆ ಬೈದೆ. ಢಂ ಎನ್ನುವ ಸದ್ದಿನಲ್ಲಿ ನನ್ನ ಬೈಗುಳ ನನಗೇ ಕೇಳಿಸಲಿಲ್ಲ.

ತಿರುಗಿ ನೋಡಿದರೆ ರಸ್ತೆ ಬದಿಯ ಮಂಟಪದ ಬಾಗಿಲಲ್ಲಿ ಅಕ್ಕ. ಮಿಲ್ಲಿನ ಹೆಣ್ಣಾಳುಗಳನ್ನೆಲ್ಲ ಮದುವೆಯ ಚಾಕರಿಗೆ ಕರೆದಿದ್ದರು. ಪಟಾಕಿಯ ಕಾಗದ ಗುಡಿಸುತ್ತಿದ್ದವಳು ಹೊಗೆಗೆ ಕೆಮ್ಮು ತಡೆಯಲಾಗದೆ ಕಸಬರಿಗೆಗೆ ಆತುಕೊಂಡು, ಸೆರಗು ಬಾಯಿಗೊತ್ತಿಕೊಂಡು ನಿಂತಿದ್ದಳು. ಅವಳಿಗೆ ಮಗಳ ದನಿ ಗುರುತು ಸಿಕ್ಕಿತ್ತು. ಕುಣಿಯುವವರನ್ನೇ ನೋಡುತ್ತಿದ್ದಳು. ನಾನು ಮೊಬೈಲ್ ತೆಗೆದು ಎಲ್ಲವನ್ನೂ ಹಿಡಿದುಕೊಂಡೆ. ಸಾಹುಕಾರರು, ನಾಲ್ಕು ಬೆರಳು, ಹಿಂದೆ ಅಕ್ಕ. ಸಭೆಯಲ್ಲಿ ಇದನ್ನು ತೋರಿಸಿದರೆ ಸಾಹುಕಾರರ ಮಾನ ಮೂರು ಕಾಸಿಗೆ ಹೋಗುತ್ತದೆ ಎಂದುಕೊಂಡೆ. ನನ್ನ ತಲೆಯಲ್ಲಿ ಅಷ್ಟೇ ಬುದ್ಧಿ ಇದ್ದದ್ದು.

ಅಹವಾಲು ಸಭೆ ಸಿಂಧನೂರಿನ ಒಂದು ಕಲ್ಯಾಣ ಮಂಟಪದಲ್ಲಿ. ರಜೆ ಹಾಕಿ ಯಶೋಧರಾಳ ಜೊತೆ ಒಂಬತ್ತಕ್ಕೇ ಹೋಗಿ ಕುಳಿತೆ. ಹತ್ತಕ್ಕೆ ಎರಡು ಟ್ರ್ಯಾಕ್ಟರಿನಲ್ಲಿ ಮಿಲ್ಲಿನ ಆಳುಗಳು ಬಂದರು. ಮುಂದಿನ ಐದು ಸಾಲು ಕುರ್ಚಿಯಲ್ಲಿ ಅವರನ್ನು ಕೂರಿಸಿದರು. ಅಕ್ಕ ಎರಡನೆಯ ಸಾಲಿನಲ್ಲಿ, ಪಕ್ಕದಲ್ಲಿ ಅವಳ ಓಣಿಯ ಖಾಸಿಂಬೀ. ಅಕ್ಕ ಹಿಂದೆ ತಿರುಗಿ ನೋಡಲೇ ಇಲ್ಲ. ವೇದಿಕೆಯ ಮೇಲೆ ಒಬ್ಬ ಸಾಹೇಬರು, ಎದುರಿಗೆ ದಪ್ಪ ಕಾಗದದ ಕಟ್ಟು. ಪಾಪ, ಅವರದೇನೂ ತಪ್ಪಿರಲಿಲ್ಲ, ಹೇಳಿದ್ದನ್ನು ಬರೆದುಕೊಳ್ಳಲು ಬಂದಿದ್ದರು.

ಸಾಹುಕಾರರು ಮೊದಲು ಮಾತಾಡಿದರು. ಮಿಲ್ಲು ಶುರುವಾಗಿ ಹದಿನೆಂಟು ವರ್ಷ, ಊರಿನವರೆಲ್ಲ ತಮ್ಮ ಮನೆಯವರಿದ್ದಂತೆ, ಎರಡನೆಯ ಬಾಯ್ಲರ್ ಬಂದರೆ ಇನ್ನೂ ಮೂವತ್ತು ಮಂದಿಗೆ ಕೆಲಸ. “ಈ ಹದಿನೆಂಟ ವರ್ಷದಾಗ ಒಬ್ಬರ ಒಂದ ತಕರಾರು ಮಾಡಿಲ್ರೀ. ಬೇಕಾದ್ರ ಇಲ್ಲೇ ಕುಂತಾರ, ಕೇಳ್ರಿ,” ಎಂದು ಮುಂದಿನ ಸಾಲಿಗೆ ಕೈ ತೋರಿಸಿದರು. ಮುಂದಿನ ಸಾಲು ನೆಲ ನೋಡಿತು.

“ಆಕ್ಷೇಪ ಇದ್ದವರು ಯಾರಾದರೂ ಇದ್ದೀರಾ?” ಸಾಹೇಬರು ಕೇಳಿದರು.

ಯಶೋಧರಾ ಎದ್ದಳು. ಮೈಕ್ ಕೈಗೆ ಬಂದಾಗ ಅವಳಿಗೆ ಗೊತ್ತಿದ್ದದ್ದು ಒಂದೇ ದಾರಿ. ತೊಡೆಯ ಮೇಲೆ ಕೈ ಬಡಿದು ಶುರು ಮಾಡಿದಳು. ಲಾಭ, ಎರಡ ಎನ್ನುವಷ್ಟರಲ್ಲಿ ಹಿಂದಿನ ಸಾಲಿನಿಂದ ನಾಲ್ಕಾರು ಮಂದಿ ಮೂರ, ನಾಕ ಎಂದು ಕೂಗಿ ಚಪ್ಪಾಳೆ ಹೊಡೆದರು. ಮದುವೆಯಲ್ಲಿ ಕುಣಿದವರೇ. ಮಂಟಪವೆಲ್ಲ ನಗೆ. ಸಾಹೇಬರು ಕೈ ಎತ್ತಿ, “ಅಮ್ಮಾ, ಇದು ಸಾಂಸ್ಕೃತಿಕ ಕಾರ್ಯಕ್ರಮ ಅಲ್ಲ,” ಎಂದರು.

ನನ್ನಿಂದ ತಡೆದುಕೊಳ್ಳಲಾಗಲಿಲ್ಲ. ವೇದಿಕೆಗೆ ನುಗ್ಗಿ ಮೊಬೈಲನ್ನು ಸಾಹೇಬರ ಮುಂದೆ ಹಿಡಿದೆ.

“ನೋಡ್ರಿ ಸಾಹೇಬ್ರ. ತಕರಾರು ಇಲ್ಲ ಅಂತಾರಲ್ಲ, ಈ ಹಾಡ ತಕರಾರ್ರೀ. ಇದಕ್ಕ ಅವರು ಕುಣದಾರ ನೋಡ್ರಿ. ನಮ್ಮಕ್ಕನ ಕೆಮ್ಮಿಗೆ ಕುಣದಾರ.”

ಸಾಹೇಬರು ನೋಡಿದರು. ಸಾಹುಕಾರರೂ ಬಗ್ಗಿ ನೋಡಿದರು. ಅವರ ಮುಖ ಕಪ್ಪಿಡುತ್ತದೆ ಎಂದು ನಾನು ಕಾದೆ. ಅವರು ಬಾಯಿ ತುಂಬ ನಕ್ಕರು.

“ಹೌದ್ರೀ, ನಾನ. ಮಗನ ಮದುವಿ, ಕುಣೀಲಿಲ್ಲಂದ್ರ ಹೆಂಗ? ಇದು ನಮ್ಮ ಬಸ್ಸಪ್ಪನ ಮಗಳ ಹಾಡು ಅಂತ ಇವತ್ತ ಗೊತ್ತಾತು. ನಮ್ಮ ಮಿಲ್ಲಿನ ಮಗಳು ಅಂದಂಗಾತು. ಅವರ ಹಾಡಿಗೆ ನಾವು ಕುಣದೀವಿ, ನಮ್ಮ ಮದುವ್ಯಾಗ ಅವರವ್ವ ಉಂಡಾಳ. ಇಂಥಲ್ಲಿ ತಕರಾರು ಎಲ್ಲಿಂದ ಬರ್ತೈತ್ರೀ?” ಆಮೇಲೆ ಯಶೋಧರಾಳ ಕಡೆ ತಿರುಗಿ, “ಭಾಳ ಛಲೋ ಹಾಡ್ತಿ ತಂಗಿ. ಮುಂದಿನ ಹಾಡಿನ ಖರ್ಚು ನಂದು,” ಎಂದರು.

ಚಪ್ಪಾಳೆ ಬಿತ್ತು. ನಾನೇ ಕೊಡಲಿ ತಂದು ಅವರ ಕೈಗೆ ಕೊಟ್ಟಿದ್ದೆ. ಯಶೋಧರಾ ಉಳಿದ ಸಾಲುಗಳನ್ನು ಹೇಳಲು ಎರಡು ಸಲ ಬಾಯಿ ತೆರೆದಳು, ಎರಡೂ ಸಲ ಹಿಂದಿನವರು ಲಾಭ ಎಂದು ಕೂಗಿದರು. ಮೂರನೆಯ ಸಲ ಅವಳ ಕಣ್ಣಲ್ಲಿ ನೀರು ಬಂತು. ಅವಳು ಮೈಕ್ ಕೆಳಗಿಟ್ಟು ಕುಳಿತುಬಿಟ್ಟಳು. ಇಪ್ಪತ್ತು ವರ್ಷದ ಹುಡುಗಿಯ ಹಾಡನ್ನು ಅವಳ ಎದುರಿಗೇ ಕಸಿದುಕೊಂಡು ಅವಳಿಗೇ ಚಪ್ಪಾಳೆ ಹೊಡೆಯುತ್ತಿದ್ದರು. ಈ ಜನರ ಮೇಲೆ ನನಗೆ ಅವತ್ತು ಬಂದ ಸಿಟ್ಟು ಇನ್ನೂ ಇಳಿದಿಲ್ಲ.

“ಹಾಡನ್ನು ದಾಖಲು ಮಾಡಲು ಬರುವುದಿಲ್ಲ,” ಸಾಹೇಬರು ಸಮಾಧಾನದಿಂದಲೇ ಹೇಳಿದರು. “ಹೆಸರು, ಊರು, ಏನು ತೊಂದರೆ. ಅಷ್ಟು ಹೇಳಿದರೆ ಬರೆದುಕೊಳ್ಳುತ್ತೇನೆ. ಬೇರೆ ಯಾರಾದರೂ?”

ಎರಡನೆಯ ಸಾಲಿನಲ್ಲಿ ಅಕ್ಕ ಎದ್ದು ನಿಂತಳು.

ಸಾಹುಕಾರರು ಮೆಲ್ಲಗೆ, “ಯಮನವ್ವಾ, ಕುಂದ್ರು. ನಾಳಿಗೆ ಮಿಲ್ಲಿಗೆ ಬಾ, ಮಾತಾಡೂಣು,” ಎಂದರು.

“ನಾಳಿಗೆ ಬರಬೇಕೋ ಬ್ಯಾಡೋ ನೀವ ಹೇಳಾವ್ರು,” ಅಕ್ಕ ಎಂದಳು. “ಇವತ್ತ ನಾ ಹೇಳ್ತೀನ್ರಿ.”

ಯಾರೋ ಮೈಕ್ ಕೊಡಲು ಬಂದರು. ಅವಳು ಬೇಡವೆಂದು ಕೈ ಮಾಡಿ, ನಡೆದುಕೊಂಡು ಸಾಹೇಬರ ಮೇಜಿನ ಮುಂದೆ ಹೋಗಿ ನಿಂತಳು. ನಿಂತವಳಿಗೆ ಕೆಮ್ಮು ಬಂತು. ಬಹಳ ಹೊತ್ತು ಕೆಮ್ಮಿದಳು. ಹಿಂದಿನ ಸಾಲಿನಿಂದ ಯಾರೂ ಎಣಿಸಲಿಲ್ಲ.

“ನನ್ನ ಮಗಳು ನಗಸಾಕ ಹಾಡಿಲ್ರೀ. ಆಕಿ ಹಾಡಿದ್ದು ಖರೇ ಐತಿ. ಕುಣಿಯೋ ಗದ್ದಲದಾಗ ನಿಮಗ ಕೇಳಸಿಲ್ಲ, ಅದಕ್ಕ ನಾ ಸುಮ್ಕ ಹೇಳ್ತೀನಿ, ಬರಕೋರಿ. ಹೆಸರು ಯಮನಮ್ಮ, ಗಂಡನ ಹೆಸರು ಬಸ್ಸಪ್ಪ, ಊರು ಜವಳಗೇರಾ. ಮಿಲ್ಲಿನಾಗ ಕಸಾ ಹೊಡೀತೀನಿ. ಗಾಳಿ ಬಿಟ್ರ ನಮ್ಮ ಓಣಿ ತುಂಬ ಬೂದಿ ಬೀಳ್ತೈತಿ. ಅಡಿಗಿಯಾಗ ಬೀಳ್ತೈತಿ, ಕುಡಿಯೋ ನೀರಾಗ ಬೀಳ್ತೈತಿ. ಎರಡ ವರ್ಷಾತು, ನಾ ಅಂಗಾತ ಮಲಗಿ ನಿದ್ದಿ ಮಾಡಿಲ್ಲ. ಮಲಗಿದ್ರ ಉಸಿರ ನಿಂತಂಗ ಆಕೈತಿ. ಗ್ವಾಡಿಗೆ ಆತು ಕುಂತ ಬೆಳಗ ಮಾಡ್ತೀನಿ. ಇಕಿ ಖಾಸಿಂಬೀ, ಇಕಿ ಮೊಮ್ಮಗಂದೂ ಹಂಗ ಐತಿ. ಕೂಸದು, ಇನ್ನಾ ಮಾತ ಬಂದಿಲ್ಲ ಅದಕ. ಇನ್ನೊಂದ ಬಾಯ್ಲರ್ ಬಂದ್ರ ನಾವು ಬದಕಂಗಿಲ್ರೀ.”

ಖಾಸಿಂಬೀ ಕುರ್ಚಿಯಿಂದ ಎದ್ದು, “ಹೌದ್ರಿ ಸಾಹೇಬ್ರ, ನಂದೂ ಬರಕೋರಿ,” ಎಂದಳು. ಅವಳ ಹಿಂದೆ ಇನ್ನಿಬ್ಬರು ಎದ್ದರು. ಸಾಹುಕಾರರು ಈಗ ನಗುತ್ತಿರಲಿಲ್ಲ. ಮೊಬೈಲನ್ನು ಕೈಯಲ್ಲಿ ಹಿಡಿದುಕೊಂಡು ನಾನು ಬೆಪ್ಪಾಗಿ ನಿಂತಿದ್ದೆ. ಜೋರು ಬಾಯಿ ಎಂದು ಹೆಸರು ಪಡೆದವಳು ನಾನು, ಅದನ್ನು ಚೀಲಕ್ಕೆ ಹಾಕಿಕೊಂಡು ಪಕ್ಕಕ್ಕೆ ಸರಿದೆ.

ಸಾಹೇಬರು ಬಹಳ ಹೊತ್ತು ಬರೆದರು. ಬರೆದು ಮುಗಿಸಿ ಕಾಗದವನ್ನು ಅವಳ ಕಡೆ ತಿರುಗಿಸಿ, ಮಸಿಯ ಡಬ್ಬಿ ಮುಂದಿಟ್ಟು, “ಇಲ್ಲಿ ಹೆಬ್ಬೆರಳು ಒತ್ತಮ್ಮ,” ಎಂದರು.

ಅಕ್ಕ ಒತ್ತಲಿಲ್ಲ. “ಏನ್ ಬರದೀರಿ, ಒಮ್ಮೆ ಓದಿ ಹೇಳ್ರಿ,” ಎಂದಳು.

ಸಾಹೇಬರು ಕನ್ನಡಕ ಸರಿಮಾಡಿಕೊಂಡು ಓದಿದರು. “ಜವಳಗೇರಾ ಗ್ರಾಮದ ಶ್ರೀಮತಿ ಯಮನಮ್ಮ ಗಂಡ ಬಸ್ಸಪ್ಪ ಇವರು, ಮಿಲ್ಲಿನ ಬೂದಿಯಿಂದ ತಮಗೂ ನೆರೆಹೊರೆಯವರಿಗೂ ಉಸಿರಾಟಕ್ಕೆ ಸ್ವಲ್ಪ ತೊಂದರೆ ಆಗುತ್ತಿದೆ ಎಂದು ತಿಳಿಸಿರುತ್ತಾರೆ.”

ಅಕ್ಕ ಅಲ್ಲವೆಂದು ತಲೆಯಾಡಿಸಿದಳು. ಮಸಿಗೆ ಚಾಚಿದ್ದ ಕೈಯನ್ನು ಹಿಂದಕ್ಕೆ ತೆಗೆದುಕೊಂಡಳು.

“ಸ್ವಲ್ಪ ಅಂತ ನಾ ಅಂದಿಲ್ರೀ,” ಎಂದಳು. “ಆ ಮಾತ ಹೊಡದ ಹಾಕ್ರಿ. ಆಮ್ಯಾಲ ಒತ್ತತೀನಿ.”

ಯಶೋಧರಾ ತಲೆ ಎತ್ತಿ ಅವ್ವನನ್ನು ನೋಡಿದಳು. ಸಾಹೇಬರು ಪೆನ್ನು ತೆಗೆದುಕೊಂಡು ಆ ಒಂದು ಮಾತಿನ ಮೇಲೆ ಗೆರೆ ಎಳೆದರು.